ಪಟ್ಟಣದಲ್ಲಿ ಕರಗಿದ ಶಹರು

ಮಂಡ್ಯದಲ್ಲಿ ಈಗ ಮನೆಮಾಡಿರುವ ಬಹುಮಂದಿಗೆ ಗುತ್ತಲು ಎಂದರೆ ನಗರದ ಒಂದು ಭಾಗ, ಅಷ್ಟೆ. ಅದು ಹಿಂದೆ ತನ್ನ ಹೊಲಗದ್ದೆ, ತನ್ನ ಅರ್ಕೇಶ್ವರನ ಗುಡಿ, ತನ್ನ ಹಬ್ಬಹುಣ್ಣಿಮೆಗಳೊಡನೆ ಬೇರೆಯಾಗಿಯೇ ನಿಂತಿದ್ದ ಊರೆಂದು ಹಳಬರು ಹೇಳಿದರೆ ಹುಡುಗರು ನಕ್ಕುಬಿಡುತ್ತಾರೆ. ಮದ್ದೂರಿನ ಶಿವಪುರದ ಮಾತೂ ಹೀಗೆಯೇ. 1938ರ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹ ನಡೆದು ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹೆಸರಾದ ಆ ಊರು ಇಂದು ಮದ್ದೂರಿನೊಡನೆ ಬೆರೆತುಹೋಗಿದೆ. ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಶಿವಪುರ ಎಲ್ಲಿ ಮುಗಿಯಿತು, ಮದ್ದೂರು ಎಲ್ಲಿ ಮೊದಲಾಯಿತು ಎಂಬುದು ತಿಳಿಯುವುದಿಲ್ಲ. ಅವರ ಲಕ್ಷ್ಯವೆಲ್ಲ ವಡೆಯ ಮೇಲೆ.

ದೊಡ್ಡ ಊರು ಬೆಳೆಯುತ್ತದೆ, ಬೆಳೆದು ಪಕ್ಕದ ಚಿಕ್ಕ ಊರನ್ನು ನುಂಗುತ್ತದೆ. ಇದು ನಾವು ಕಣ್ಣಾರೆ ಕಂಡ ಕ್ರಮ. ಮಂಡ್ಯಕ್ಕೆ 1930ರ ದಶಕದಲ್ಲಿ ನಾಲೆಯ ನೀರು ಬಂತು, ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಅದು ಜಿಲ್ಲೆಯ ಮುಖ್ಯಸ್ಥಳವೂ ಆಯಿತು. ಇಂಥ ಊರು ಕಾಲು ಚಾಚದೆ ಇದ್ದೀತೆ? ಆದರೆ ಇದೇ ಜಿಲ್ಲೆಯಲ್ಲಿ, ಮಂಡ್ಯದಿಂದ ಹೆಚ್ಚೆಂದರೆ ಒಂದು ಗಂಟೆಯ ದಾರಿಯಲ್ಲಿ, ಈ ಕ್ರಮಕ್ಕೆ ತಿರುಗುಮುರುಗಾದ ಒಂದು ನಿದರ್ಶನವಿದೆ. ಅಲ್ಲಿ ನುಂಗಿದ ಊರು ಬೆಳೆಯುತ್ತಿರಲಿಲ್ಲ, ಸೊರಗುತ್ತಿತ್ತು. ನುಂಗಿಸಿಕೊಂಡ ಊರಿಗಾದರೋ ‘ಶಹರು’ ಎಂಬ ದೊಡ್ಡ ಬಿರುದೇ ಇದ್ದಿತು. ಅದು ಶ್ರೀರಂಗಪಟ್ಟಣದ ಶಹರ್ ಗಂಜಾಂ.

ನನ್ನ ಸೋದರತ್ತೆಯನ್ನು ಕೊಟ್ಟಿದ್ದುದು ಗಂಜಾಮಿಗೆ. ಬೇಸಗೆ ರಜ ಬಂತೆಂದರೆ ನಾವು ಹುಡುಗರು ಮಂಡ್ಯದಿಂದ ರೈಲು ಹತ್ತಿ, ಶ್ರೀರಂಗಪಟ್ಟಣದಲ್ಲಿ ಇಳಿದು, ಜಟಕಾ ಸಿಕ್ಕಿದರೆ ಜಟಕಾದಲ್ಲಿ, ಸಿಕ್ಕದಿದ್ದರೆ ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೆವು. ಅತ್ತೆ ತರಕಾರಿಗೋ ಬಟ್ಟೆಗೋ ಹೊರಟಾಗ “ಪಟ್ಣಕ್ಕೆ ಹೋಗ್ಬುಟ್ಟು ಬತ್ತೀನಿ ಕಣ್ರಪ್ಪಾ, ಹೊಳೆ ತಾವ ಹೋಗ್‌ಬ್ಯಾಡಿ” ಎಂದು ಹೇಳಿ ಹೋಗುವರು. ಪಟ್ಟಣವೆಂದರೆ ಎಲ್ಲಿ? ಒಂದು ಮೈಲಿ ಆಚೆಯ ಕೋಟೆ! ಪುರಸಭೆಯ ಕಂದಾಯದ ರಸೀತಿಯಲ್ಲಿ ಅವರ ಮನೆಯೂ ಶ್ರೀರಂಗಪಟ್ಟಣದ ಮನೆಯೇ. ಆದರೆ ಅತ್ತೆಯ ಬಾಯಲ್ಲಿ ಕೊನೆಯವರೆಗೂ ಪಟ್ಟಣ ಬೇರೆ, ಗಂಜಾಂ ಬೇರೆ.

ಅವರ ಈ ಅಭಿಮಾನ ನನಗೂ ಅಂಟಿತ್ತೆಂದು ಕಾಣುತ್ತದೆ. ನನ್ನ ತಂಗಿಯ ಮದುವೆಯ ಲಗ್ನಪತ್ರಿಕೆಯ ಮೇಲೆ ಅತ್ತೆಯ ಹೆಸರು ಬರೆದು, ಕೆಳಗೆ ‘ಗಂಜಾಂ’ ಎಂದಷ್ಟೇ ಬರೆದು ಟಪಾಲಿಗೆ ಹಾಕಿಬಿಟ್ಟೆ. ಶ್ರೀರಂಗಪಟ್ಟಣವೂ ಇಲ್ಲ, ಜಿಲ್ಲೆಯೂ ಇಲ್ಲ. ಮದುವೆ ಮುಗಿದು ಗೃಹಪ್ರವೇಶವೂ ಆದ ಮೇಲೆ ಆ ಕಾಗದ, ಮೈತುಂಬ ಮುದ್ರೆ ಒತ್ತಿಸಿಕೊಂಡು ಅತ್ತೆಯ ಕೈ ಸೇರಿತು. ಒಡಿಶಾದಲ್ಲಿ ಗಂಜಾಂ ಎಂಬ ಜಿಲ್ಲೆಯೇ ಒಂದಿದೆ. ನಮ್ಮ ಪತ್ರಿಕೆ ಅಲ್ಲಿಗೂ ಯಾತ್ರೆ ಮಾಡಿ ಬಂದಿತ್ತು. ತಪ್ಪು ಪೂರ್ತಿಯಾಗಿ ನನ್ನದು. ತನ್ನ ಹೆಸರೊಂದರಿಂದಲೇ ಕಾಗದ ತರಿಸಿಕೊಳ್ಳುವ ಯೋಗ್ಯತೆಯನ್ನು ಒಂದು ಊರು ಕಳೆದುಕೊಂಡಿದೆ ಎಂಬುದು ಆಗ ಅರಿವಾಯಿತು.

ಹೆಸರಿನ ವಿಚಾರ ಬಂದುದರಿಂದ ಅದನ್ನೇ ಮೊದಲು ನೋಡೋಣ. ಕನ್ನಡ ಪಂಡಿತರಿಗೆ ಊರ ಹೆಸರು ಕಂಡರೆ ಬಿಡಿಸಿ ನೋಡುವ ಚಪಲ ಸಹಜ. ಗಂಜಾಮಿನಲ್ಲಿ ‘ಗಂಜಿ’ಯನ್ನು ಹುಡುಕಿದ ವಿದ್ಯಾರ್ಥಿಗಳನ್ನೂ ನಾನು ಕಂಡಿದ್ದೇನೆ. ಇದು ಗಂಜಿಯಲ್ಲ, ಫಾರಸಿಯ ‘ಗಂಜ್’. ಭಂಡಾರ, ಧಾನ್ಯದ ಕಣಜ, ಪೇಟೆ ಎಂದು ಆ ಮಾತಿಗೆ ಅರ್ಥಗಳುಂಟು. ಕಲಬುರಗಿ, ರಾಯಚೂರುಗಳ ಕಡೆ ಧಾನ್ಯದ ಮಂಡಿಗೆ ಇಂದಿಗೂ ಗಂಜ್ ಎಂದೇ ಹೆಸರು. ‘ಶಹರ್’ ಎಂದರೆ ನಗರ. ಅಂದಮೇಲೆ ಹೆಸರನ್ನಿಟ್ಟವನ ಮನಸ್ಸಿನಲ್ಲಿದ್ದುದು ಕೋಟೆಯ ಹೊರಗಿನ ಕೇರಿಯಲ್ಲ, ದೊಡ್ಡದೊಂದು ವ್ಯಾಪಾರದ ನಗರ ಎಂಬುದು ಸ್ಪಷ್ಟವಾಗಿದೆ.

ಹೆಸರನ್ನಿಟ್ಟವನು ಟಿಪ್ಪು ಸುಲ್ತಾನ. ಕೋಟೆಯ ಇತಿಹಾಸ ಇದಕ್ಕಿಂತ ಬಹಳ ಹಿಂದಿನದು. 1454ರ ಹೊತ್ತಿಗೆ ಅಲ್ಲಿ ಕೋಟೆ ಎದ್ದಿತ್ತು. 1610ರಲ್ಲಿ ರಾಜ ಒಡೆಯರು ಅದನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಕಾವೇರಿಯ ಎರಡು ಕವಲುಗಳ ನಡುವಣ ಈ ದ್ವೀಪ ಪೂರ್ವ ಪಶ್ಚಿಮವಾಗಿ ಸುಮಾರು ಮೂರು ಮೈಲಿ ಉದ್ದ, ಅಗಲವಾದ ಕಡೆ ಒಂದು ಮೈಲಿ. ಕೋಟೆ ಪಶ್ಚಿಮದ ತುದಿಯಲ್ಲಿದೆ. ಪೂರ್ವದ ತುದಿಯಲ್ಲಿ ಎರಡು ಕವಲೂ ಮತ್ತೆ ಕೂಡುವ ಸಂಗಮ. ಅದರ ಹತ್ತಿರ ಲಾಲ್‌ಬಾಗ್ ತೋಟ ಮತ್ತು ಹೈದರಾಲಿಯ ಗೋರಿಯಾದ ಗುಂಬಜ್. ಟಿಪ್ಪುವೂ ಅಲ್ಲಿಯೇ ಮಲಗಿದ್ದಾನೆ. ಕೋಟೆಗೂ ಲಾಲ್‌ಬಾಗಿಗೂ ನಡುವೆ ಇದ್ದ ಬಯಲಿನಲ್ಲಿ ಎದ್ದದ್ದು ಶಹರ್ ಗಂಜಾಂ.

ಬಯಲಿನಲ್ಲಿ ಮನೆ ಕಟ್ಟಬಹುದು, ರಸ್ತೆ ಎಳೆಯಬಹುದು. ಜನ ಎಲ್ಲಿಂದ ಬರಬೇಕು? ಇಲ್ಲಿಗೆ ಬಂದವರು ಸಿರಾದವರು. ತುಮಕೂರು ಜಿಲ್ಲೆಯ ಸಿರಾ ಇಂದು ಒಂದು ತಾಲ್ಲೂಕಿನ ಮುಖ್ಯಸ್ಥಳ. ಹದಿನೇಳನೆಯ ಶತಮಾನದ ಕೊನೆಯಿಂದ, ಅಂದರೆ 1687ರಿಂದ, ಹದಿನೆಂಟನೆಯ ಶತಮಾನದ ನಡುವಿನವರೆಗೂ ಅದು ಮೊಗಲರ ಒಂದು ಸುಬಾದ ರಾಜಧಾನಿ. ದಿಲಾವರ್ ಖಾನನೆಂಬ ಸುಬೇದಾರನ ಕಾಲದಲ್ಲಿ ಅದರ ವೈಭವ ಬಹಳವಾಗಿದ್ದಿತು. ಅಲ್ಲಿನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿದರೆಂಬ ಪ್ರತೀತಿಯೂ ಉಂಟು. ಆ ಊರಿನಿಂದ ಟಿಪ್ಪುವು ಹನ್ನೆರಡು ಸಾವಿರ ಸಂಸಾರಗಳನ್ನು ಬಲವಂತದಿಂದ ಎಬ್ಬಿಸಿ ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಹೇಳುತ್ತದೆ.

ಹನ್ನೆರಡು ಸಾವಿರವೆಂಬುದು ದುಂಡಾದ ಸಂಖ್ಯೆ. ಇಂಥ ದುಂಡು ಸಂಖ್ಯೆಗಳನ್ನು ನಾನು ಪೂರ್ತಿಯಾಗಿ ನಂಬುವವನಲ್ಲ. ಅರ್ಧವೇ ಎಂದು ಹಿಡಿದರೂ ಏನಾಯಿತು? ಸಂಸಾರಕ್ಕೆ ಐದು ಮಂದಿಯಂತೆ ಮೂವತ್ತು ಸಾವಿರ ಜನ. ಸಿರಾದಿಂದ ಇಲ್ಲಿಗೆ ಸುಮಾರು ನೂರು ಮೈಲಿ. ಎತ್ತಿನ ಗಾಡಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ಸಾಗಿದರೂ ಎಂಟು ಹತ್ತು ದಿನಗಳ ಪಯಣ. ಮುದುಕರು, ಬಾಣಂತಿಯರು, ಕಂಕುಳಲ್ಲಿ ಕೂಸು, ಗಾಡಿಯ ಹಿಂದೆ ಹಸು. ಬಯಲುಸೀಮೆಯ ಒಣಗಾಳಿಯಲ್ಲಿ ಹುಟ್ಟಿ ಬೆಳೆದವರು ಎರಡೂ ಕಡೆ ಹೊಳೆ ಹರಿಯುವ ತೇವದ ದ್ವೀಪಕ್ಕೆ ಬಂದರು. ರಾಜರುಗಳ ಚರಿತ್ರೆಯಲ್ಲಿ ಇದೆಲ್ಲವೂ ಒಂದು ವಾಕ್ಯ.

ಹೀಗೆ ಜನರನ್ನು ಎತ್ತಿ ಇಡುವ ಪದ್ಧತಿ ಟಿಪ್ಪುವೊಬ್ಬನದೇ ಅಲ್ಲ. ದೆಹಲಿಯ ಮಹಮ್ಮದ್ ತುಘಲಕನು ದೇವಗಿರಿಗೆ ಜನರನ್ನು ಹೊರಡಿಸಿದ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಓದಿದ್ದಾರೆ. ಹೊಸ ರಾಜಧಾನಿಗೆ ಕುಶಲಕರ್ಮಿಗಳೂ ವರ್ತಕರೂ ಬೇಕು. ಅವರು ತಾವಾಗಿ ಬರುವವರೆಗೂ ಕಾಯುವ ತಾಳ್ಮೆ ಅರಸರಿಗೆ ಕಡಮೆ. ತುಘಲಕನ ಜನ ಕೆಲವು ಕಾಲದ ಮೇಲೆ ಹಿಂದಿರುಗಿದರು, ದೆಹಲಿ ಮತ್ತೆ ದೆಹಲಿಯಾಯಿತು. ಸಿರಾ ಮಾತ್ರ ಮತ್ತೆ ಆ ಸಿರಾ ಆಗಲಿಲ್ಲ.

ಬಂದವರಿಗೆ ಸಿಕ್ಕಿದ ಊರು ಹೇಗಿತ್ತು? ಅದನ್ನು ಕಂಡು ಬರೆದವರು ಟಿಪ್ಪುವಿನ ವೈರಿಗಳೇ. 1792ರ ಫೆಬ್ರವರಿ 6ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಹೊಳೆ ದಾಟಿ ದ್ವೀಪದ ಪೂರ್ವಭಾಗವನ್ನು ಹಿಡಿಯಿತು. ಆ ದಂಡಿನಲ್ಲಿದ್ದ ಮೇಜರ್ ಡಿರೋಂ ಎಂಬಾತ ಮುಂದಿನ ವರ್ಷವೇ ಯುದ್ಧದ ವೃತ್ತಾಂತವನ್ನು ಪ್ರಕಟಿಸಿದ. ಅರ್ಧ ಮೈಲಿ ಚಚ್ಚೌಕದ ಪೇಟೆ, ಸುತ್ತಲೂ ಗಟ್ಟಿಯಾದ ಮಣ್ಣಿನ ಗೋಡೆ, ಒಂದನ್ನೊಂದು ನೇರವಾಗಿ ಹಾಯುವ ಅಗಲವಾದ ಬೀದಿಗಳು, ಬೀದಿಯ ಎರಡು ಪಕ್ಕಕ್ಕೂ ನೆರಳಿನ ಸಾಲುಮರ, ತುಂಬ ಒಳ್ಳೆಯ ಮನೆಗಳು. ಇದು ಆತ ಕಂಡ ಶಹರ್ ಗಂಜಾಮಿನ ಚಿತ್ರ. ಶತ್ರುವಿನ ಬಾಯಿಂದ ಬಂದ ಹೊಗಳಿಕೆಯಾದ್ದರಿಂದ ಇದನ್ನು ನಂಬಬಹುದು. ಸಾಲುಮರದ ನೆರಳಿರುವ ಚೌಕದ ಬೀದಿಗಳನ್ನು ನಾವು ಈಚಿನ ಬಡಾವಣೆಗಳ ಹೆಗ್ಗಳಿಕೆ ಎಂದುಕೊಂಡಿದ್ದೇವೆ!

ಆ ಒಳ್ಳೆಯ ಮನೆಗಳಿಂದ ಆಗ ಪ್ರಯೋಜನ ಪಡೆದವರೂ ವೈರಿಗಳೇ. ಮುತ್ತಿಗೆಯ ದಿನಗಳಲ್ಲಿ ಪೇಟೆ ಇಂಗ್ಲಿಷರ ಸೈನಿಕರಿಗೆ ಬಿಡಾರವಾಯಿತು. ಲಾಲ್‌ಬಾಗಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ತೋಟದ ಸೈಪ್ರಸ್ ಮರಗಳನ್ನೂ ಹಣ್ಣಿನ ಮರಗಳನ್ನೂ ಕಡಿದು, ಮೋರ್ಚೆ ಕಟ್ಟುವುದಕ್ಕೆ ಬೇಕಾದ ಹೊರೆಗಳನ್ನೂ ಬುಟ್ಟಿಗಳನ್ನೂ ಹೆಣೆದರು. ಆ ಯುದ್ಧ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಟ್ಟು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟು ಮುಗಿಯಿತು. ಏಳು ವರ್ಷದ ಮೇಲೆ ಮತ್ತೆ ಯುದ್ಧ. 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯ ಬಳಿ ಕಾದಾಟ, ಮೇ 4ರಂದು ಶ್ರೀರಂಗಪಟ್ಟಣದ ಪತನ. ಇದು ಎಲ್ಲರಿಗೂ ತಿಳಿದ ಸಂಗತಿ.

ನಮಗೆ ಬೇಕಾದುದು ಅದರ ಮರುವರ್ಷದ ಒಂದು ಲೆಕ್ಕ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಬೆಳೆ, ಅಳತೆ, ಕೂಲಿ, ಜಾತಿ ಪದ್ಧತಿ ಯಾವುದನ್ನೂ ಬಿಡದೆ ಬರೆದಿಟ್ಟುಕೊಳ್ಳುವ ಶ್ರದ್ಧಾಳು ಆತ. ಕೋಟೆಯೊಳಗೆ 4,163 ಮನೆ, 5,499 ಸಂಸಾರ. ಶಹರ್ ಗಂಜಾಮಿನಲ್ಲಿ 2,216 ಮನೆ, 3,335 ಸಂಸಾರ ಎಂದು ಆತನಿಗೆ ಲೆಕ್ಕ ಸಿಕ್ಕಿತು. ಮನೆಗೆ ಐವರಂತೆ ಹಿಡಿದು ಕೋಟೆಗೆ 20,815, ಗಂಜಾಮಿಗೆ 11,080, ಒಟ್ಟು 31,895 ಜನವೆಂದು ಆತ ಗುಣಿಸಿದ. ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಾದರೂ ಇದ್ದಿರಬೇಕೆಂಬುದೂ ಆತನ ಅಂದಾಜೇ.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದೂವರೆ ಲಕ್ಷವೆಲ್ಲಿ, ಮೂವತ್ತೆರಡು ಸಾವಿರವೆಲ್ಲಿ! ಅರಸನೂ ಆಸ್ಥಾನವೂ ಸೈನ್ಯವೂ ಹೋದವು. ಅವರನ್ನೇ ನಂಬಿ ಬದುಕುತ್ತಿದ್ದ ಅಂಗಡಿಕಾರರು, ಕಸುಬುದಾರರು, ಸಹೀಸರು, ಅಡಿಗೆಯವರು ಹಿಂದೆಯೇ ಚದುರಿದರು. ರಾಜಧಾನಿ ಮೈಸೂರಿಗೆ ಹೋಯಿತು. ಆದರೂ ಗಂಜಾಂ ಕೋಟೆಯ ಅರ್ಧಕ್ಕಿಂತ ಹೆಚ್ಚಾಗಿಯೇ ಉಳಿದಿತ್ತು. ಅಷ್ಟೇ ಅಲ್ಲ, ಅಲ್ಲಿ ಮನೆಗಳು ಆಗ ಹೆಚ್ಚುತ್ತಲೂ ಇದ್ದುವೆಂದು ಬುಕಾನನ್ ಬರೆಯುತ್ತಾನೆ. ಆ ಕ್ಷಣದಲ್ಲಿ ಯಾರಾದರೂ ಭವಿಷ್ಯ ಹೇಳುವವರಿದ್ದಿದ್ದರೆ, ಮುಂದೆ ದ್ವೀಪದಲ್ಲಿ ಬಾಳುವ ಊರು ಗಂಜಾಮೇ, ಕೋಟೆಯಲ್ಲ ಎಂದಿದ್ದರೆ ಆಶ್ಚರ್ಯವಿರಲಿಲ್ಲ. ಸುಮಾರು ಅದೇ ಕಾಲದಲ್ಲಿ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದದ್ದು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಆತನ ಗ್ರಂಥ ಪ್ರಸಿದ್ಧವಾದುದು; ಆತನ ಹೆಸರಿನ ಹಳೆಯ ಚರ್ಚು ಗಂಜಾಮಿನಲ್ಲಿಯೇ ಇದೆ.

ಆದರೆ ಭವಿಷ್ಯ ಬೇರೆಯೇ ಆಯಿತು. 1799ರಲ್ಲಿ ರಾಜ್ಯವನ್ನು ಮೈಸೂರು ಅರಸರಿಗೆ ಹಿಂದಿರುಗಿಸಿದಾಗ ದ್ವೀಪವನ್ನು ಮಾತ್ರ ಕಂಪನಿಯವರು ಬಿಟ್ಟುಕೊಡಲಿಲ್ಲ. ಮೈಸೂರಿನ ಸೀಮೆಯ ನಡುವೆ ಅದೊಂದು ಇಂಗ್ಲಿಷರ ತುಂಡು ನೆಲವಾಯಿತು. ಅಲ್ಲಿದ್ದ ಇಂಗ್ಲಿಷ್ ಪಾಳೆಯ ಒಂದು ಆಸರೆ. ಚಳಿಜ್ವರದ ಕಾಟ ತಡೆಯಲಾರದೆ 1809ರ ಸುಮಾರಿಗೆ ಆ ಪಾಳೆಯವೂ ಬೆಂಗಳೂರಿಗೆ ಹೊರಟುಹೋಯಿತು. ಸೈನಿಕರ ಸಂಬಳ ಬಂದ ದಿನ ತುಂಬುತ್ತಿದ್ದ ಪೇಟೆ ಬರಿದಾಯಿತು. ಬೆಂಗಳೂರಿನ ದಂಡುಪ್ರದೇಶ ಬೆಳೆದದ್ದು ಗಂಜಾಮಿನ ಪಾಲಿನ ಗಿರಾಕಿಗಳಿಂದ ಎಂದರೆ ಅತಿಶಯೋಕ್ತಿಯಾದೀತು, ಪೂರ್ತಿ ಸುಳ್ಳಾಗಲಾರದು. ಲಾಲ್‌ಬಾಗಿನ ಅರಮನೆಯೂ ಉಳಿಯಲಿಲ್ಲ. 1830ರ ಸುಮಾರಿನಲ್ಲಿ ಉದಕಮಂಡಲದಲ್ಲಿ ಸಂತ ಸ್ಟೀಫನ್ನರ ಚರ್ಚನ್ನು ಕಟ್ಟಿದಾಗ, ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಿಚ್ಚಿದ ತೊಲೆಗಳನ್ನು ಬೆಟ್ಟ ಹತ್ತಿಸಿದರೆಂದು ಹೇಳುತ್ತಾರೆ. ಊಟಿಗೆ ಹೋದಾಗ ಆ ಚರ್ಚಿನೊಳಗೆ ಕತ್ತೆತ್ತಿ ಅವನ್ನು ನೋಡಿ ಬಂದಿದ್ದೇನೆ.

ದ್ವೀಪವನ್ನು ಮೈಸೂರಿನವರು ವರ್ಷಕ್ಕೆ ಐವತ್ತು ಸಾವಿರ ರೂಪಾಯಿಗಳ ಗುತ್ತಿಗೆ ಕೊಟ್ಟು ಅನುಭವಿಸುತ್ತಿದ್ದರು. ತಮ್ಮ ಹಳೆಯ ರಾಜಧಾನಿಗೆ ತಾವೇ ಬಾಡಿಗೆ! 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮತ್ತೆ ಒಪ್ಪಿಸಿದಾಗ ಇದಕ್ಕೊಂದು ಇತ್ಯರ್ಥವಾಯಿತು. ಬೆಂಗಳೂರಿನ ದಂಡುಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣದ ದ್ವೀಪವನ್ನು ಮೈಸೂರಿನವರು ಪಡೆದರು. ದ್ವೀಪವೆಂದರೆ ಕೋಟೆ, ಗಂಜಾಂ, ತೋಟ, ಗದ್ದೆ ಎಲ್ಲವೂ ಒಂದೇ ಗಂಟು. ಆ ವ್ಯವಹಾರದಲ್ಲಿ ಗಂಜಾಂ ಎಂಬ ಹೆಸರನ್ನು ಬೇರೆಯಾಗಿ ಹೇಳಬೇಕಾದ ಅಗತ್ಯವೇ ಯಾರಿಗೂ ತೋರಿರಲಾರದು. ಅದಕ್ಕೆ ಬದಲಾಗಿ ಹೋದ ದಂಡಿನ ಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1947ರಲ್ಲಿ ಅದು ಮೈಸೂರಿಗೆ ಮರಳಿ ಬಂದಿತು. 1949ರಲ್ಲಿ ಬೆಂಗಳೂರು ನಗರದೊಡನೆ ಕೂಡಿ ಒಂದೇ ಕಾರ್ಪೊರೇಷನ್ನಾಯಿತು.

ಹೀಗೆ ಗಂಜಾಂ ಶ್ರೀರಂಗಪಟ್ಟಣದ ಒಂದು ಕೇರಿಯಾಗಿ ಉಳಿಯಿತು. ಯಾವುದೋ ಒಂದು ದಿನ ಡಂಗುರ ಸಾರಿ ಆದದ್ದಲ್ಲ. ಮೊದಲು ಜನ ಹೋದರು, ಆಮೇಲೆ ಗೋಡೆ ಹೋಯಿತು, ಚೌಕದ ಬೀದಿಗಳ ನಡುವೆ ಹೊಲ ತೋಟಗಳು ಬಂದುವು. ಕೋಟೆಯೂ ಹಾಗೆಯೇ ಸೊರಗುತ್ತಿತ್ತು. ಶ್ರೀರಂಗಪಟ್ಟಣದ ಜನಸಂಖ್ಯೆ 1891ರಲ್ಲಿ ಹನ್ನೆರಡೂವರೆ ಸಾವಿರ. ಪ್ಲೇಗು ಬಂದು ಹೋದಮೇಲೆ, 1901ರಲ್ಲಿ, 8,584. ಬುಕಾನನ್ ಗಂಜಾಮೊಂದಕ್ಕೇ ಹೇಳಿದ ಹನ್ನೊಂದು ಸಾವಿರವೂ ಅಲ್ಲಿರಲಿಲ್ಲ! ಗುತ್ತಲನ್ನು ಮಂಡ್ಯ ನುಂಗಿದಂತೆ ಗಂಜಾಮನ್ನು ಶ್ರೀರಂಗಪಟ್ಟಣ ನುಂಗಲಿಲ್ಲ ಎಂದು ನಾನು ಮೊದಲು ಹೇಳಿದ್ದು ಇದಕ್ಕಾಗಿಯೇ. ಎರಡು ಸಂಸಾರಗಳು ಬಡತನಕ್ಕೆ ಸಿಕ್ಕಿ ಒಂದೇ ಒಲೆ ಹಚ್ಚಿಕೊಂಡಂತೆ ಇವು ಒಂದಾದುವು. ಹಿರಿಯ ಸಂಸಾರದ ಹೆಸರು ಉಳಿಯಿತು.

ಸೈನ್ಯದ ಗಿರಾಕಿ ಹೋದಮೇಲೆ ಗಂಜಾಮನ್ನು ಸಲಹಿದ್ದು ಮಣ್ಣು ಮತ್ತು ನೀರು. ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳುವ ಬಂಗಾರದೊಡ್ಡಿ ನಾಲೆ ಹೊಳೆಯ ಕವಲನ್ನು ಮೇಲುಗಾಲುವೆಯ ಮೂಲಕ ದಾಟಿ ದ್ವೀಪಕ್ಕೆ ನೀರು ತರುತ್ತದೆ. ನೀರು ಹೊಳೆಯ ಮೇಲೆ ಹಾದು ಹೋಗುವುದನ್ನು ಅತ್ತೆಯ ಮಗ ನನಗೆ ಮೊದಲ ಬಾರಿಗೆ ತೋರಿಸಿದಾಗ, ಹೊಳೆಯಲ್ಲೇ ಬೇಕಾದಷ್ಟು ನೀರಿರುವಾಗ ಇದೇಕೆ ಎಂದು ಕೇಳಿದ್ದೆ. “ಹೊಳೆ ನೀರು ಕೆಳಗಿದೆ, ಗದ್ದೆ ಮೇಲಿದೆ, ಪಂಡಿತ್ರ ಮಗ ಆಗಿ ಅಷ್ಟೂ ಗೊತ್ತಾಗಲ್ವೆ ನಿನಗೆ?” ಎಂದು ಅವನು ನಕ್ಕಿದ್ದ. ನಮ್ಮ ತಂದೆಯವರೂ ಪಾಠ ಹೇಳುವವರೇ.

ಈ ನೆಲದಲ್ಲಿ ಬರುವ ಅಂಜೂರಕ್ಕೆ ನಾಡಿನ ತೋಟಗಾರಿಕೆಯಲ್ಲಿ ಒಂದು ಸ್ಥಾನವಿದೆ. ಅಂಜೂರವೆಂದರೆ ನಮ್ಮಲ್ಲಿ ಬಹುಮಂದಿಗೆ ದಾರಕ್ಕೆ ಪೋಣಿಸಿದ ಒಣಹಣ್ಣು. ಹಸಿಯ ಹಣ್ಣು ಬಲು ಮೃದು. ಮರದಿಂದ ಕಿತ್ತ ಮೇಲೆ ಒಂದೆರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ, ದೂರದ ಸಂತೆಗೆ ಸಾಗಿಸುವುದು ಕಷ್ಟ. ಆದ್ದರಿಂದ ಗಂಜಾಮಿನ ಅಂಜೂರವನ್ನು ತಿನ್ನಬೇಕಾದವರು ಗಂಜಾಮಿನ ಹತ್ತಿರಕ್ಕೇ ಬರಬೇಕಾಗುತ್ತಿತ್ತು. ಶಹರು ಎಂಬ ಬಿರುದು ಮಾಡಲಾರದ ಕೆಲಸವನ್ನು ಈ ಹಣ್ಣು ಮಾಡಿತು. ಅತ್ತೆಯ ಹಿತ್ತಲಲ್ಲಿದ್ದ ಗಿಡಗಳೇನೂ ಹೆಚ್ಚಲ್ಲ, ನಾಲ್ಕೋ ಐದೋ. ಹಣ್ಣನ್ನು ಎಲೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಒತ್ತಿಹೋಗದಂತೆ ತೊಡೆಯ ಮೇಲೆ ಇರಿಸಿಕೊಂಡು ಮಂಡ್ಯಕ್ಕೆ ತರುವುದು ನನ್ನ ಹೊಣೆ.

ಈಗ ಗಂಜಾಮಿಗೆ ಬರುವವರಿಗೆ ಕೊರತೆಯಿಲ್ಲ. ಆದರೆ ಅವರು ಗಂಜಾಮಿಗೆಂದು ಬರುವುದಿಲ್ಲ. ಹೊಳೆಯ ದಡದ ನಿಮಿಷಾಂಬ ದೇವಿಗೆ ಹರಕೆ ಹೊತ್ತವರು, ಒಂದು ನಿಮಿಷದಲ್ಲಿ ಇಷ್ಟಾರ್ಥ ಕೊಡುವಳೆಂದು ನಂಬಿದವರು, ದೂರದೂರದಿಂದ ಬರುತ್ತಾರೆ. ಕನ್ನಂಬಾಡಿ ಕಟ್ಟೆಯಿಂದ ಹೊಳೆಗೆ ಹೆಚ್ಚು ನೀರು ಬಿಟ್ಟ ವರ್ಷ ಸೋಪಾನಗಳು ಮುಳುಗುವುದನ್ನು ನೋಡಲೂ ಜನ ಸೇರುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, “ಶ್ರೀರಂಗಪಟ್ಟಣದ ನಿಮಿಷಾಂಬಕ್ಕೆ” ಎನ್ನುತ್ತಾರೆ. ನಡುವಣ ಊರಿನ ಹೆಸರು ಬಿಟ್ಟುಹೋಗಿದೆ. ಗುಂಬಜ್ ನೋಡಿದವರೂ ಸಂಗಮದಲ್ಲಿ ಮಿಂದವರೂ ಹೀಗೆಯೇ. ಎಲ್ಲರೂ ಗಂಜಾಮಿನ ಬೀದಿಯನ್ನೇ ಹಾದುಹೋಗಿದ್ದಾರೆ. ಹಾದುಹೋದದ್ದು ಯಾವ ಊರು ಎಂಬುದನ್ನು ವಿಚಾರಿಸಿದವರು ನೂರಕ್ಕೆ ಒಬ್ಬರೋ ಇಬ್ಬರೋ.

ಹೋದ ವರ್ಷ ಶಾಲೆಯ ದಾಖಲಾತಿಯ ಸಮಯದಲ್ಲಿ ಅರ್ಜಿ ಬರೆದುಕೊಳ್ಳುತ್ತ ಕುಳಿತಿದ್ದೆ. ಒಬ್ಬ 

ಹುಡುಗಿಯನ್ನು “ಯಾವ ಊರಮ್ಮ?” ಎಂದು ಕೇಳಿದೆ. “ಗುತ್ತಲು ಸಾರ್” ಎಂದಳು. ಪಕ್ಕದಲ್ಲಿದ್ದ ಅವಳ ತಂದೆ, “ಮಂಡ್ಯ ಅಂತ್ಲೇ ಬರ್ಕೊಳ್ಳಿ ಸಾರ್, ಗುತ್ತಲು ಅಂದ್ರೆ ಹಳ್ಳಿ ಅನ್ಕೋತಾರೆ” ಎಂದರು. ನಾನು ಎರಡನ್ನೂ ಬರೆದೆ. ಕಾಗದದಲ್ಲಿ ಜಾಗವಿತ್ತು.

ಶ್ರೀರಂಗಪಟ್ಟಣಕ್ಕೆ ಹೋಗುವ ವಾಚಕರು ಈ ಸಾರಿ ದೇವಸ್ಥಾನ, ದರಿಯಾ ದೌಲತ್ ಎರಡನ್ನೂ ನೋಡಿದ ಮೇಲೆ ಪೂರ್ವಕ್ಕೆ ಹೊರಟು, ಗುಂಬಜಿಗೆ ಮೊದಲು, ಗಂಜಾಮಿನಲ್ಲಿ ಅರ್ಧ ಗಂಟೆ ಇಳಿಯಬಹುದು. ಮಣ್ಣಿನ ಗೋಡೆಯನ್ನು ಹುಡುಕಬೇಡಿ. ಅಂಜೂರದ ಕಾಲವಾಗಿದ್ದರೆ ಬೀದಿಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರು ಯಾರಾದರೂ ಸಿಕ್ಕಬಹುದು. ಎಲ್ಲಿಯದಮ್ಮ ಹಣ್ಣು ಎಂದು ಕೇಳಿ ನೋಡಿ. ನನಗೆ ಸಿಕ್ಕಿದ ಮುದುಕಿ ಶ್ರೀರಂಗಪಟ್ಟಣದ್ದು ಎನ್ನಲಿಲ್ಲ. “ಇಲ್ಲೀದೇ ಕಣಪ್ಪ, ಗಂಜಾಮ್‌ದು” ಎಂದಳು.